ಹಾಲಿನ ಕ್ಯಾನಿನೊಳಗೆ ಕಾಣದ ಹುತ್ತ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಮ್ಮ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ಮಳೆ ಕೈಕೊಟ್ಟರೆ ಕಡ್ಲೆಕಾಯಿ ಬೆಳೆ ಹೋಯ್ತು. ಆಗ ಮನೆ ನಡೆಸೋದು ಹಸು, ಎಮ್ಮೆ. ಡೇರಿಗೆ ಹಾಲು ಹಾಕುತ್ತೇವೆ. ಬಟವಾಡೆ ದುಡ್ಡಿನಲ್ಲಿ ಎಣ್ಣೆ, ಬೇಳೆ, ಮಕ್ಕಳ ಪುಸ್ತಕ ತರುತ್ತೇವೆ.

ಹಾಲು ಹುಳಿಯಾದರೆ ಡೇರಿಯಲ್ಲಿ ತಗೊಳ್ಳೋದಿಲ್ಲ. ಆ ಹೊತ್ತಿನ ದುಡಿಮೆ ನೀರುಪಾಲು. "ಕ್ಯಾನು ತೊಳೆದಿದ್ದೆನಲ್ಲಾ, ಯಾಕೆ ಹೀಗಾಯ್ತು?" ಅಂತ ತಲೆ ಕೆಡಿಸಿಕೊಳ್ಳುತ್ತೇವೆ.

ಅಕ್ಕಂದಿರೇ, ಕ್ಯಾನಿನೊಳಗೆ ಬೆರಳು ಆಡಿಸಿ ನೋಡೋಣ. ಕುತ್ತಿಗೆ, ತಳದ ಮೂಲೆ, ಮುಚ್ಚಳದ ರಬ್ಬರು. ಅಲ್ಲಿ ಬೆರಳು ಜಾರುತ್ತದೆಯೇ? ಹಾಗಾದರೆ ಅಲ್ಲಿ ಲೋಳೆ ಕಟ್ಟಿದೆ.

ಈ ಲೋಳೆ ಏನು? ಅದು ಬ್ಯಾಕ್ಟೀರಿಯಾಗಳ ಮನೆ. ಇವು ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಹಾಲಿನ ಪಸೆ ಉಳಿದ ಕಡೆ ಅಂಟಿಕೊಳ್ಳುತ್ತವೆ. ಸುತ್ತ ಅಂಟು ಸುರಿಸುತ್ತವೆ. ಗೆದ್ದಲು ಹುತ್ತ ಕಟ್ಟಿಕೊಂಡ ಹಾಗೆ! ಹುತ್ತದ ಮೇಲೆ ಔಷಧಿ ಚೆಲ್ಲಿದರೆ ಒಳಗಿನ ಗೆದ್ದಲು ಸಾಯುತ್ತದೆಯೇ? ಇಲ್ಲ. ಮೊದಲು ಹುತ್ತ ಒಡೆಯಬೇಕು. ಇಲ್ಲೂ ಅಷ್ಟೇ. ಮೊದಲು ಉಜ್ಜಬೇಕು, ಆಮೇಲೆ ಕೊಲ್ಲಬೇಕು.

ಬೆಚ್ಚಗಿನ ಹಾಲಿನಲ್ಲಿ ಇವು ಬಲು ಬೇಗ ಹೆಚ್ಚುತ್ತವೆ. ಅರ್ಧ ಗಂಟೆಗೆ ಒಂದು ಎರಡಾಯಿತು ಅನ್ನಿ. ಎರಡು ನಾಲ್ಕಾಗುತ್ತೆ, ನಾಲ್ಕು ಎಂಟಾಗುತ್ತೆ. ನಾಲ್ಕು ಗಂಟೆಯಲ್ಲಿ ಒಂದು ಹೋಗಿ ೨೫೬! ನಾವೇ ಲೆಕ್ಕ ಹಾಕಿ ನೋಡಬಹುದು.

ಕ್ಯಾನು ತೊಳೆಯುವುದು ಹೇಗೆ?

೧. ಹಾಲು ಸುರಿದ ಕೂಡಲೇ ತಣ್ಣೀರಿನಲ್ಲಿ ಜಾಲಿಸೋಣ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪಸೆ ಗಟ್ಟಿಯಾಗಿ ಅಂಟುತ್ತದೆ.

೨. ಬಿಸಿನೀರು, ಸೋಪಿನ ಪುಡಿ, ಬ್ರಷ್ಷು ಹಾಕಿ ಮೂಲೆ ಮೂಲೆ ಉಜ್ಜೋಣ. ರಬ್ಬರು ಬಿಚ್ಚಿ ತೊಳೆಯೋಣ. ಮಣ್ಣು, ಮರಳು ಬೇಡ. ಗೀರು ಬೀಳುತ್ತದೆ. ಗೀರಿನಲ್ಲಿ ಬ್ಯಾಕ್ಟೀರಿಯಾ ಅಡಗುತ್ತವೆ.

೩. ಒಳ್ಳೆಯ ನೀರಿನಲ್ಲಿ ಸೋಪು ಹೋಗುವ ತನಕ ತೊಳೆಯೋಣ.

೪. ಕುದಿಯುವ ನೀರು ಸುರಿದು ಎಲ್ಲ ಕಡೆ ತಾಗಿಸೋಣ. ಕೈ ಸುಟ್ಟುಕೊಳ್ಳಬಾರದು, ಜೋಕೆ.

೫. ಬಿಸಿಲಿನಲ್ಲಿ ಬೋರಲು ಹಾಕೋಣ. ನೆಲದ ಮೇಲೆ ಬೇಡ, ಕಟ್ಟಿಗೆಯ ಅಟ್ಟಣಿಗೆ ಮೇಲೆ. ಒಣಗಿದ ಕಡೆ ಲೋಳೆ ಕಟ್ಟುವುದಿಲ್ಲ.

ನೀರಿನ ಡ್ರಮ್ಮಿಗೂ ಲೋಳೆ ಕಟ್ಟುತ್ತದೆ. ನಲ್ಲಿ ನೀರು ದಿನಾ ಬರದ ಊರಲ್ಲಿ ನೀರು ತುಂಬಿಡಲೇಬೇಕಲ್ಲ! ಆ ನೀರಿನಲ್ಲಿ ಕ್ಯಾನು ತೊಳೆದರೆ ಲೋಳೆ ಮತ್ತೆ ಬಂತು. ಅದಕ್ಕೇ ಡ್ರಮ್ಮು ಖಾಲಿ ಮಾಡಿ ಉಜ್ಜೋಣ. ಒಂದು ಬಕೆಟ್ ನೀರಿಗೆ ಒಂದು ಟೀ ಚಮಚ ಬ್ಲೀಚಿಂಗ್ ಪುಡಿ ಕಲಸಿ ಒಳಗೆಲ್ಲ ಸವರೋಣ. ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆಯೋಣ.

ನೆನಪಿರಲಿ. ಬ್ಲೀಚಿಂಗ್ ಪುಡಿಗೆ ಆಸಿಡ್ ಸೇರಿಸಬಾರದು. ವಿಷದ ಗಾಳಿ ಏಳುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಈ ಪುಡಿ ಬೇಡ. ಲೋಹ ತಿನ್ನುತ್ತದೆ. ಡಬ್ಬಿ ತೆರೆದಿಟ್ಟರೆ ಪುಡಿಯ ಶಕ್ತಿ ಹೋಗುತ್ತದೆ.

ಮನೆಯ ಮಕ್ಕಳಿಗೆ ಹಾಲನ್ನು ಕುದಿಸಿಯೇ ಕೊಡೋಣ. ಕೆಟ್ಟ ಹಾಲಿನಿಂದ ವಾಂತಿ, ಭೇದಿ ಬರಬಹುದು.

ನಾಳೆ ಹಾಲು ಕರೆಯುವ ಮೊದಲು ಒಂದು ಸಲ ಬೆರಳು ಆಡಿಸಿ ನೋಡೋಣ. ಜಾರಿದರೆ ಮತ್ತೆ ಉಜ್ಜೋಣ.