ಪಿಂಗಾಣಿಯ ಗಾಜುಬೀರುಗಳು: ಒಂದು ಉಪೇಕ್ಷಿತ ಆಕರ

ಶಾಸನ, ಕಡತ, ನಾಣ್ಯಗಳನ್ನು ಆಕರಗಳೆಂದು ಒಪ್ಪುವ ನಾವು ಮನೆಯ ಪೀಠೋಪಕರಣಗಳನ್ನು ಆ ಸಾಲಿಗೆ ಸೇರಿಸಲು ಇನ್ನೂ ಹಿಂಜರಿಯುತ್ತೇವೆ. ಪಿಂಗಾಣಿಯನ್ನು ನೋಟಕ್ಕಿಡಲೆಂದೇ ರಚಿತವಾದ ಗಾಜಿನ ಬಾಗಿಲ ಬೀರು ಇಂಥ ಉಪೇಕ್ಷೆಗೆ ಪಾತ್ರವಾದುದು.

ಯೂರೋಪಿನಲ್ಲಿಯೂ ಈ ಬೀರು ಬಹು ಪುರಾತನವಲ್ಲ. 17ನೆಯ ಶತಮಾನದಲ್ಲಿ ಡಚ್ಚರ ಮತ್ತು ಇಂಗ್ಲಿಷರ ಹಡಗುಗಳು ಚೀನಾದ ಪಿಂಗಾಣಿಯನ್ನು ಹೇರಿ ತಂದಾಗ ಅದರ ಅಗತ್ಯ ಬೆಳೆಯಿತು. 1710ರಲ್ಲಿ ಮೈಸನ್ನಿನ ಕಾರ್ಖಾನೆ ಸ್ಥಾಪಿತವಾದ ಮೇಲೆ ಚೀನಾದ ಗುಟ್ಟು ಯೂರೋಪಿಗೂ ದಕ್ಕಿತು. ಅಗಲವಾದ ಗಾಜು ದುಬಾರಿಯಾಗಿದ್ದುದರಿಂದ ಬಾಗಿಲಿಗೆ ಸಣ್ಣ ಗಾಜುಗಳನ್ನು ಮರದ ಪಟ್ಟಿಗಳ ನಡುವೆ ಕೂಡಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಗಾಜಿನ ತೆರಿಗೆ ರದ್ದಾದುದು 1845ರಲ್ಲಿ. ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಗೊಂಡಿತಷ್ಟೆ. ಐರೋಪ್ಯ ಮಾದರಿಯ ಗೃಹೋಪಕರಣಗಳು ಅದರ ಹಿಂದೆಯೇ ಬಂದುವು. ತೇಗ, ಬೀಟೆಗಳಲ್ಲಿ ನಮ್ಮ ಬಡಗಿಗಳು ಮಾಡಿದ ಬೀರುಗಳೇ ವಿಲಾಯತಿಯವುಗಳಿಗಿಂತ ನಮಗೆ ಹೆಚ್ಚು ಬೆಲೆಯುಳ್ಳವೆಂದು ತೋರುತ್ತದೆ.

ಕಾಲನಿರ್ಣಯಕ್ಕೆ ಮುಂಭಾಗದ ಕೆತ್ತನೆಗಿಂತ ಹಿಂಬದಿಯ ಹಲಗೆಯೇ ಹೆಚ್ಚು ಸತ್ಯವನ್ನು ನುಡಿಯುತ್ತದೆ. ಕೈಗರಗಸದ ಗೀರು ನೇರವಾಗಿ, ಏರುಪೇರಾಗಿ ಇರುತ್ತದೆ. ಚಕ್ರಗರಗಸದ ಗೀರು ಬಿಲ್ಲಿನಂತೆ ಬಾಗಿರುತ್ತದೆ. ತುದಿ ಮೊಂಡಾದ ತಿರುಪುಮೊಳೆ ಸಾಮಾನ್ಯವಾಗಿ 19ನೆಯ ಶತಮಾನದ ಮಧ್ಯಭಾಗಕ್ಕಿಂತ ಹಿಂದಿನದು. ಆದರೆ ಹಳೆಯ ಮೊಳೆಯನ್ನು ಹೊಸ ಮರಕ್ಕೆ ಹೊಡೆಯುವ ಜಾಣರೂ ಉಂಟು. ಹಳೆಯ ಗಾಜನ್ನು ಓರೆಯಾಗಿ ನೋಡಿದರೆ ಪ್ರತಿಬಿಂಬ ಅಲೆಯಾಡುತ್ತದೆ. ಅಡ್ಡಹಲಗೆಯ ಮೇಲೆ ತಟ್ಟೆ ನಿಲ್ಲಿಸುವ ತೋಡು ಮೊದಲಿನಿಂದಲೂ ಇದ್ದರೆ ಅದು ಪುಸ್ತಕದ ಬೀರುವಲ್ಲ. ಮಾರುವವರು ಅಲೆಗಾಜನ್ನು ಕಿತ್ತು, ಹಳೆಯ ಮೆರುಗನ್ನು ಕೆರೆದು ಹೊಳಪು ಕೊಟ್ಟಾಗ ಈ ಸಾಕ್ಷ್ಯ ನಾಶವಾಗುತ್ತದೆ. ಶಾಸನದ ಅಕ್ಷರಗಳನ್ನು ಉಜ್ಜಿ ಅಳಿಸುವುದಕ್ಕೂ ಇದಕ್ಕೂ ಭೇದವೇನು?

ಉತ್ತರ ಬೆಂಗಳೂರಿಗೆ ತನ್ನದೇ ಆದ ಪಿಂಗಾಣಿಯ ಚರಿತ್ರೆಯಿದೆಯೆಂಬುದನ್ನು ಸಂಗ್ರಾಹಕರು ಮರೆತಂತಿದೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಉತ್ಪನ್ನವಾದ ಮೇಲೆ ತಂತಿಗಳನ್ನು ಹೊರಲು ಪಿಂಗಾಣಿಯ ಇನ್ಸುಲೇಟರುಗಳು ಬೇಕಾದುವು. ಮೈಸೂರು ಸರ್ಕಾರವು 1930ರ ದಶಕದಲ್ಲಿ ಯಶವಂತಪುರದ ಸಮೀಪ, ಭಾರತೀಯ ವಿಜ್ಞಾನ ಸಂಸ್ಥೆಯ ಬಳಿಯಲ್ಲಿ, ಪಿಂಗಾಣಿ ಕಾರ್ಖಾನೆಯನ್ನು ಸ್ಥಾಪಿಸಿತು. ಮುಂದೆ ಅದು ಬಿ.ಎಚ್.ಇ.ಎಲ್. ಸಂಸ್ಥೆಗೆ ಸೇರಿತು. ಚೀನಾದ ಬಟ್ಟಲಿಗೆ ದೊರೆತ ಗಾಜಿನ ಮನೆ ಈ ಊರಿನ ಪಿಂಗಾಣಿಗೆ ದೊರೆಯಲಿಲ್ಲ. ಅದು ಕಂಬದ ಮೇಲೆಯೇ ಮಳೆಬಿಸಿಲು ಕಂಡಿತು. ಹಳೆಯ ಇನ್ಸುಲೇಟರೊಂದನ್ನು ಬೀರುವಿನಲ್ಲಿ ಬಟ್ಟಲುಗಳ ಪಕ್ಕಕ್ಕಿಟ್ಟರೆ ನಗುವವರು ನಗಲಿ.

1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮವು 100 ವರ್ಷ ಮೀರಿದ ಪುರಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಊರೊಳಗೇ ಮುರಿದು ಬೀಟೆಯ ಹಲಗೆಯಾಗಿ ಮಾರಿದ ಬೀರುವಿಗೆ ಆ ತಡೆಯಿಂದ ರಕ್ಷಣೆಯಿಲ್ಲ. ಹೆಬ್ಬಾಳ, ಯಲಹಂಕಗಳಲ್ಲಿ ಹಳೆಯ ಮನೆಗಳು ಉರುಳುತ್ತಿರುವಾಗ, ಬೀರು ಯಾವ ಮನೆಯದು, ಯಾವ ಕೋಣೆಯಲ್ಲಿತ್ತು, ಅದರಲ್ಲಿ ಏನನ್ನಿಡುತ್ತಿದ್ದರು ಎಂಬುದನ್ನು ಕೊಂಡ ದಿನವೇ ಕೇಳಿ ಬರೆದು, ಆ ಚೀಟಿಯನ್ನು ಹಿಂಬದಿಯ ಹಲಗೆಗೆ ಅಂಟಿಸಬೇಕು.