'ಇಂಗ್' ಬಾಲ ಎಲ್ಲಿ ಬೇಕು, ಎಲ್ಲಿ ಬೇಡ?

'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್.' 'ಐ ಆಮ್ ನಾಟ್ ನೋಯಿಂಗ್ ದಿ ಆನ್ಸರ್.' ಇಂಥ ವಾಕ್ಯ ಬರೆದರೆ ಟೀಚರ್ ಕೆಂಪು ಗೆರೆ ಎಳೆಯುತ್ತಾರೆ, ಅಂಕ ಹೋಗುತ್ತದೆ. ಹೋದ ಅಂಕವನ್ನು ಮುಂದಿನ ಪರೀಕ್ಷೆಯಲ್ಲಿ ಪಡೆಯಬಹುದು. ಆದರೆ ತರಗತಿಯಲ್ಲಿ ಯಾರಾದರೂ ನಕ್ಕುಬಿಟ್ಟರೆ ಮಗು ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದಕ್ಕೇ ಹಿಂಜರಿಯುತ್ತದೆ. ಅಜ್ಜ ಅಜ್ಜಿಯರು 'ನಮಗೆಲ್ಲಿ ಇಂಗ್ಲಿಷ್ ಬರುತ್ತದೆ' ಎಂದು ಸುಮ್ಮನಾಗಬೇಕಿಲ್ಲ. ಈ ಬೀಗದ ಕೀಲಿಕೈ ನಮ್ಮ ಕನ್ನಡದಲ್ಲೇ ಇದೆ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕೆಲಸ ಮಾಡಿದವನು ನಾನು. ಅಲ್ಲಿಂದಲೇ ಉದಾಹರಣೆ ಕೊಡುತ್ತೇನೆ. 'ದಿ ಬ್ಯಾಂಕ್ ಓಪನ್ಸ್ ಅಟ್ ಟೆನ್' ಎಂದರೆ ಬ್ಯಾಂಕು ಹತ್ತಕ್ಕೆ ತೆರೆಯುತ್ತದೆ. ಇದು ದಿನನಿತ್ಯದ ಕ್ರಮ. 'ದಿ ಕ್ಲರ್ಕ್ ಈಸ್ ಕೌಂಟಿಂಗ್ ನೋಟ್ಸ್' ಎಂದರೆ ಗುಮಾಸ್ತರು ಈಗ ನೋಟು ಎಣಿಸುತ್ತಿದ್ದಾರೆ. ಕೆಲಸ ಶುರುವಾಗಿದೆ, ಇನ್ನೂ ಮುಗಿದಿಲ್ಲ. ಮೊದಲನೆಯದು ಸಿಂಪಲ್ ಪ್ರೆಸೆಂಟ್, ಎರಡನೆಯದು ಪ್ರೆಸೆಂಟ್ ಕಂಟಿನ್ಯುಯಸ್. 'ಎವ್ರಿ ಡೇ', 'ಆಲ್ವೇಸ್' ಕಂಡರೆ ಸಾಮಾನ್ಯವಾಗಿ ಮೊದಲನೆಯದು; 'ನೌ', 'ಲುಕ್' ಕಂಡರೆ ಎರಡನೆಯದು.

ಇಷ್ಟು ಎಲ್ಲ ವ್ಯಾಕರಣ ಪುಸ್ತಕದಲ್ಲೂ ಇದೆ. ಮಕ್ಕಳು ಎಡವುವುದು ಇದರ ಮುಂದಿನ ಮೆಟ್ಟಿಲಲ್ಲಿ. 'ನನಗೆ ಈಗ ನೀರು ಬೇಕು' ಎನ್ನುವುದಕ್ಕೆ 'ಈಗ' ಇದೆಯಲ್ಲ ಎಂದು 'ಐ ಆಮ್ ವಾಂಟಿಂಗ್' ಎಂದುಬಿಡುತ್ತಾರೆ. ಇಲ್ಲಿ ಕನ್ನಡವನ್ನು ಕೇಳಿ ನೋಡಿ. ಗೊತ್ತು, ಬೇಕು, ಇಷ್ಟ, ಇದೆ, ನೆನಪಿದೆ, ನನ್ನದು: ಈ ಮಾತುಗಳಿಗೆ ನಾವು 'ಉತ್ತಿದ್ದೇನೆ' ಎಂಬ ಬಾಲ ಹಚ್ಚುವುದೇ ಇಲ್ಲ. 'ನನಗೆ ಇಬ್ಬರು ಅಣ್ಣಂದಿರು ಇರುತ್ತಿದ್ದಾರೆ' ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನ ನೋ, ವಾಂಟ್, ಲೈಕ್, ಹ್ಯಾವ್, ರಿಮೆಂಬರ್, ಬಿಲಾಂಗ್ ಪದಗಳಿಗೂ ಸಾಮಾನ್ಯವಾಗಿ 'ಇಂಗ್' ಬಾಲ ಬೇಡ. ಇವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು.

ಹಾಗಾದರೆ 'ವಿ ಆರ್ ಹ್ಯಾವಿಂಗ್ ಲಂಚ್' ತಪ್ಪೇ ಎಂದು ಜಾಣಮರಿಗಳು ಕೇಳಬಹುದು. ತಪ್ಪಲ್ಲ. ಅಲ್ಲಿ 'ಹ್ಯಾವ್' ಎಂದರೆ 'ಇದೆ' ಅಲ್ಲ, 'ಊಟ ಮಾಡುತ್ತಿದ್ದೇವೆ'. ಹಾಗೆಯೇ 'ದಿ ಪಾಯಸ ಟೇಸ್ಟ್ಸ್ ಸ್ವೀಟ್' ಎಂದರೆ ಪಾಯಸ ಸಿಹಿಯಾಗಿದೆ. 'ಅಜ್ಜಿ ಈಸ್ ಟೇಸ್ಟಿಂಗ್ ದಿ ಪಾಯಸ' ಎಂದರೆ ಅಜ್ಜಿ ರುಚಿ ನೋಡುತ್ತಿದ್ದಾರೆ. ಪದ ಒಂದೇ, ಅರ್ಥ ಎರಡು. ಇಲ್ಲೂ ಕನ್ನಡವೇ ದಾರಿ ತೋರಿಸಿತು.

ಎರಡು ಕಡೆ ಮಾತ್ರ ಕನ್ನಡವನ್ನು ನಂಬಿ ಕೂರುವಂತಿಲ್ಲ. 'ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಾಳೆ' ಎನ್ನುತ್ತೇವೆ. ಕಾಯಂ ನೌಕರಿಯಾದರೆ ಇಂಗ್ಲಿಷಿನಲ್ಲಿ 'ಮೈ ಡಾಟರ್ ವರ್ಕ್ಸ್ ಇನ್ ಎ ಬ್ಯಾಂಕ್'. 'ಈಸ್ ವರ್ಕಿಂಗ್' ಎಂದರೆ ಸದ್ಯಕ್ಕಷ್ಟೇ ಎಂಬ ಧ್ವನಿ ಬರಬಹುದು. ಇನ್ನೊಂದು, 'ನಾಳೆ ಧಾರವಾಡಕ್ಕೆ ಹೋಗುತ್ತೇನೆ'. ಟಿಕೆಟ್ ತೆಗೆದು ಸಿದ್ಧವಾಗಿದ್ದರೆ 'ಐ ಆಮ್ ಗೋಯಿಂಗ್ ಟು ಧಾರವಾಡ ಟುಮಾರೊ' ಎನ್ನಬೇಕು, 'ಐ ಗೋ' ಅಲ್ಲ. ಆದರೆ ವೇಳಾಪಟ್ಟಿಯಂತೆ ಓಡುವ ರೈಲಿಗೆ 'ದಿ ಟ್ರೈನ್ ಲೀವ್ಸ್ ಅಟ್ ಸಿಕ್ಸ್' ಸಾಕು.

ಈ 'ಇಂಗ್' ಮೋಹ ಭಾರತದ ಉದ್ದಗಲಕ್ಕೂ ಇದೆ. ಮುಂಬೈಯ ಇಂಗ್ಲಿಷ್ ಕವಿ ನಿಸ್ಸಿಮ್ ಇಜೆಕಿಯೆಲ್ ಅವರ 'ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪ ಟಿ.ಎಸ್.' ಎಂಬ ಪ್ರಸಿದ್ಧ ಕವನದಲ್ಲಿ ಬೀಳ್ಕೊಡುಗೆ ಭಾಷಣ ಮಾಡುವವರು ಬೇಕಾದಲ್ಲಿ ಬೇಡವಾದಲ್ಲಿ 'ಇಂಗ್' ಹಚ್ಚುತ್ತಲೇ ಹೋಗುತ್ತಾರೆ. ಓದಿದರೆ ನಗು ಬರುತ್ತದೆ. ಆದರೆ ಕಲಿಯುವ ಮಗು ಹಾಗೆ ಹೇಳಿದಾಗ ನಗಬೇಡಿ. ಸರಿಯಾದ ವಾಕ್ಯವನ್ನು ನೀವೊಮ್ಮೆ ಹೇಳಿ, ಮಾತು ಮುಂದುವರಿಸಿ.

ಈ ವಾರ ಮನೆಯಲ್ಲಿ ಒಂದು ಆಟ ಆಡಿ. ಅಜ್ಜ ಅಜ್ಜಿ ಕನ್ನಡದಲ್ಲಿ ಹೇಳಲಿ, ಮೊಮ್ಮಕ್ಕಳು ಇಂಗ್ಲಿಷಿಗೆ ತಿರುಗಿಸಲಿ.

1. ಅಜ್ಜ ಪ್ರತಿದಿನ ಪೇಪರ್ ಓದುತ್ತಾರೆ.
2. ನೋಡು, ಮಳೆ ಬರುತ್ತಿದೆ!
3. ನನಗೆ ಒಂದು ಪೆನ್ಸಿಲ್ ಬೇಕು.
4. ಈ ಚೆಂಡು ನನ್ನದು.

ಉತ್ತರದ ಕ್ರಿಯಾಪದಗಳು: ರೀಡ್ಸ್, ಈಸ್ ರೇನಿಂಗ್, ವಾಂಟ್, ಬಿಲಾಂಗ್ಸ್. ನಾಲ್ಕರಲ್ಲಿ ಬಾಲ ಬೇಕಾದದ್ದು ಮಳೆಗೆ ಮಾತ್ರ!