ನಿಮಗಿದು ಗೊತ್ತೇ? ಹೊಟ್ಟೆಯ ನೀರು ಇಳಿಸುವ ಮಾತ್ರೆಗಳು

ನೇಕಾರರ ಊರುಗಳಾದ ಬನಹಟ್ಟಿ, ರಬಕವಿ ಕಡೆ 'ಹೊಟ್ಟ್ಯಾಗ ನೀರು ತುಂಬೈತಿ' ಎಂಬ ಮಾತು ಕೇಳಿದರೆ ಮನೆಮಂದಿ ಕಂಗಾಲಾಗುತ್ತಾರೆ. ಇದಕ್ಕೆ ಕ್ಷಯದಂಥ ಕಾರಣಗಳೂ ಉಂಟು. ಆದರೆ ಹೆಚ್ಚಿನವರಲ್ಲಿ ಮೂಲ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ರೋಗ. ನೀರು ಇಳಿಸಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಾತ್ರೆ ಬೇಕು. ಆ ಮಾತ್ರೆಗಳನ್ನು ತಿಳಿದು ನುಂಗಿದರೇ ಗುಣ ಹೆಚ್ಚು.

● ಹೊಟ್ಟೆ ಚುಚ್ಚಿ ನೀರು ಹೊರತೆಗೆಯುವ ವಿಧಾನ ಸುಶ್ರುತ ಸಂಹಿತೆಯಲ್ಲೇ ಇದೆ. ಸಂಗೀತಗಾರ ಬೀಥೋವನ್‌ಗೆ 1827ರಲ್ಲಿ ಸಾಯುವ ಮುನ್ನ ನಾಲ್ಕು ಬಾರಿ ನೀರು ತೆಗೆದರೂ ಅದು ಮತ್ತೆ ಮತ್ತೆ ತುಂಬಿತು.

● ಲಿವರ್ ಗಟ್ಟಿಯಾದಾಗ ದೇಹದಲ್ಲಿ ಆಲ್ಡೊಸ್ಟೀರಾನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಅದರ ಪ್ರಭಾವದಿಂದ ಕಿಡ್ನಿ ಉಪ್ಪನ್ನು ಹಿಡಿದಿಡುತ್ತದೆ, ಉಪ್ಪಿನ ಹಿಂದೆ ನೀರೂ ನಿಲ್ಲುತ್ತದೆ. 1950ರ ದಶಕದ ಕೊನೆಗೆ ಬಂದ ಸ್ಪೈರೊನೊಲ್ಯಾಕ್ಟೋನ್ ತಡೆಯುವುದು ಈ ಹಾರ್ಮೋನಿನ ಕೆಲಸವನ್ನೇ.

● ಈ ಮಾತ್ರೆಯ ಪೂರ್ಣ ಪರಿಣಾಮ ಕಾಣಲು ಮೂರರಿಂದ ಐದು ದಿನ ಬೇಕು. ಎರಡೇ ದಿನಕ್ಕೆ 'ಹತ್ತಲಿಲ್ಲ' ಎಂದು ಬಿಡಬೇಡಿ.

● ಜೊತೆಗೆ ಫ್ರುಸೆಮೈಡ್ ಕೊಡುವುದುಂಟು. ಸಾಮಾನ್ಯ ಅಳತೆ 100 ಮಿ.ಗ್ರಾಂ ಸ್ಪೈರೊನೊಲ್ಯಾಕ್ಟೋನ್‌ಗೆ 40 ಮಿ.ಗ್ರಾಂ ಫ್ರುಸೆಮೈಡ್. ಮೊದಲನೆಯದು ರಕ್ತದ ಪೊಟ್ಯಾಸಿಯಂ ಏರಿಸುತ್ತದೆ, ಎರಡನೆಯದು ಇಳಿಸುತ್ತದೆ. ಎರಡೂ ಸೇರಿದರೆ ಸಮತೋಲ. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ.

● ಬೆಳಿಗ್ಗೆಯೇ ನುಂಗಿದರೆ ರಾತ್ರಿ ಮೂತ್ರಕ್ಕೆಂದು ಪದೇ ಪದೇ ಏಳುವುದು ತಪ್ಪುತ್ತದೆ.

● ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಕಾಲು ಬಾವು ಇಲ್ಲದವರಲ್ಲಿ ದಿನಕ್ಕೆ ಅರ್ಧ ಕಿಲೋ, ಬಾವು ಇದ್ದವರಲ್ಲಿ ಒಂದು ಕಿಲೋ ಇಳಿದರೆ ಸಾಕು. ಅದಕ್ಕಿಂತ ವೇಗವಾಗಿ ಇಳಿದರೆ ಕಿಡ್ನಿಗೆ ಪೆಟ್ಟು.

● ಇಡೀ ದಿನಕ್ಕೆ ಉಪ್ಪು ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಬೆರೆಸಿದ ಶೇಂಗಾ ಚಟ್ನಿಪುಡಿ ಎಲ್ಲವೂ ಈ ಲೆಕ್ಕದಲ್ಲೇ ಬರಬೇಕು. ಜೋಳದ ರೊಟ್ಟಿಯನ್ನು ಉಪ್ಪಿಲ್ಲದೆ ತಟ್ಟಬಹುದು, ಅದು ನಮ್ಮ ಭಾಗ್ಯ.

● 'ಸೋಡಿಯಂ ಕಡಿಮೆ' ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಅದು ಅಪಾಯ. ಎಳನೀರನ್ನೂ ವೈದ್ಯರನ್ನು ಕೇಳದೆ ಕುಡಿಯಬೇಡಿ.

● ಮಗ್ಗದ ಮುಂದೆ ಕೂತು ನಡು ಹಿಡಿದಾಗ ಔಷಧ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಮೂತ್ರ ಹೆಚ್ಚಿಸುವ ಈ ಮಾತ್ರೆಗಳ ಬಲ ಕುಗ್ಗುತ್ತದೆ, ಕಿಡ್ನಿ ಕೆಡಬಹುದು.

● ಸ್ಪೈರೊನೊಲ್ಯಾಕ್ಟೋನ್ ನುಂಗುವ ಕೆಲವು ಗಂಡಸರಿಗೆ ಎದೆ ಊದಿ ನೋಯುತ್ತದೆ. ನಾಚಿಕೆಪಟ್ಟು ಮಾತ್ರೆ ನಿಲ್ಲಿಸಬೇಡಿ, ಹೇಳಿಕೊಳ್ಳಿ, ಬದಲಿ ಔಷಧಗಳಿವೆ.

● ಒಮ್ಮೆಗೆ 5 ಲೀಟರಿಗಿಂತ ಹೆಚ್ಚು ನೀರು ತೆಗೆದರೆ, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಎಂಬ ಪ್ರೋಟೀನನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಇಟಲಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆಯ ಜೊತೆ ವಾರವಾರ ಆಲ್ಬುಮಿನ್ ಪಡೆದವರಲ್ಲಿ 18 ತಿಂಗಳ ನಂತರ ಬದುಕುಳಿದವರು ಹೆಚ್ಚಿದ್ದರು. ಆದರೆ ಇದು ದುಬಾರಿ, ಎಲ್ಲರಿಗೂ ಬೇಕೆಂದೂ ಇಲ್ಲ.

● ಪಥ್ಯವೆಂದು ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆ ಬಿಡಿಸಬೇಡಿ. ಲಿವರ್ ರೋಗಿಗೆ ಪ್ರೋಟೀನು ಹೆಚ್ಚೇ ಬೇಕು. ರಾತ್ರಿ ಮಲಗುವ ಮುನ್ನ ಸ್ವಲ್ಪ ತಿನ್ನುವುದೂ ಒಳ್ಳೆಯದು.

● ಜ್ವರ, ಹೊಟ್ಟೆನೋವು, ಮಂಪರು, ತೊದಲು ಮಾತು, ಮೂತ್ರ ಕಡಿಮೆಯಾಗುವುದು, ರಕ್ತವಾಂತಿ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ನಡೆಯಿರಿ. ಹೊಟ್ಟೆಯ ನೀರಿಗೆ ಸೋಂಕು ತಗುಲಿದ್ದರೆ ಜೀವಕ್ಕೇ ಅಪಾಯ.

● ಸಿರೋಸಿಸ್‌ಗೆ ಕಾರಣವಾಗಬಲ್ಲ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಚಿಕಿತ್ಸೆಯನ್ನು 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಉಚಿತವಾಗಿ ಕೊಡುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

● ಕುಡಿತದಿಂದ ಲಿವರ್ ಕೆಟ್ಟವರಿಗೆ ಎಲ್ಲಕ್ಕಿಂತ ದೊಡ್ಡ ಔಷಧ ಕುಡಿತ ಬಿಡುವುದೇ. ಪೂರ್ತಿ ಬಿಟ್ಟ ಕೆಲವರಲ್ಲಿ ತಿಂಗಳುಗಳ ನಂತರ ನೀರು ತುಂಬುವುದೇ ನಿಂತು, ವೈದ್ಯರು ಮಾತ್ರೆ ಇಳಿಸಿದ್ದುಂಟು. ಹಾಗಾಗಿ 'ಇನ್ನೇನು ಉಳಿದೈತಿ' ಎಂದು ಕೈಚೆಲ್ಲಬೇಡಿ. ಇವತ್ತು ಬಿಟ್ಟರೂ ಲಾಭವಿದೆ.